ಯುನಿಕ್ಸ್ ಸರ್ವರ್‌ನ ಬಾಗಿಲು ಮುಚ್ಚುವುದು ಹೇಗೆ, ನೀವೇ ಹೊರಗೆ ಉಳಿಯದಂತೆ

ಹೋದ ವರ್ಷ ಒಂದು ಶನಿವಾರ ರಾತ್ರಿ, ವಿಜಯಪುರದ ಮನೆಯಲ್ಲಿ ಕೂತು ಬಾಗಲಕೋಟೆ ನವನಗರದ ಒಂದು ಪತ್ತಿನ ಸಂಘದ ಸರ್ವರ್‌ಗೆ ಫೈರ್‌ವಾಲ್ ಹಾಕಿದೆ, ಅಂದರೆ ಯಾರನ್ನು ಒಳಗೆ ಬಿಡಬೇಕು ಅಂತ ನೋಡುವ ಕಾವಲು. ನನ್ನ ಮನೆಯ ಐಪಿಗೆ (ನೆಟ್‌ವರ್ಕ್ ವಿಳಾಸಕ್ಕೆ) ಮಾತ್ರ ಎಸ್‌ಎಸ್‌ಎಚ್, ಅಂದರೆ ದೂರದಿಂದ ಸರ್ವರ್ ಒಳಗೆ ಹೋಗುವ ದಾರಿ ಬಿಟ್ಟೆ, ಉಳಿದವರಿಗೆಲ್ಲ ಬಂದ್. ಪರೀಕ್ಷೆ ಮಾಡಿ ನೋಡಿದೆ, ಸರಿಯಾಗಿತ್ತು. ಊಟಕ್ಕೆ ಎದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಬಂತು, ರೂಟರ್ ಮತ್ತೆ ಶುರುವಾಯಿತು, ಮನೆಗೆ ಹೊಸ ಐಪಿ ಬಂತು. ಹಳೇ ಐಪಿಗೆ ಮಾತ್ರ ಬಾಗಿಲು ತೆಗೆಯುವ ಸರ್ವರ್‌ಗೆ ನಾನು ಯಾರೋ ಅಪರಿಚಿತ. ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಹೋಗಿ, ಸಂಘದ ಸಿಪಾಯಿಯನ್ನು ಮನೆಯಿಂದ ಕರೆತಂದು, ಬಾಗಿಲು ತೆಗೆಸಿ, ಕೀಬೋರ್ಡ್ ಹಚ್ಚಿ ಒಂದೇ ಒಂದು ಸಾಲು ಸರಿ ಮಾಡಿದೆ. ಲಾಭ ಅಂದರೆ ವಾಪಸ್ ಬರುವಾಗ ಕೊಲ್ಹಾರದಲ್ಲಿ ಇಳಿದು ಒಂದು ಗಡಿಗೆ ಮೊಸರು ತಂದದ್ದು.

ಆಮೇಲೆ ಅದೇ ಸರ್ವರ್‌ಗೆ ಮೊದಲಿಂದ ಕೆಲಸ ಮಾಡಿದೆ, ಈ ಸಲ ಕ್ರಮವಾಗಿ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸರ್ವರ್‌ನಲ್ಲಿ ಇರುವುದು ಡೆಬಿಯನ್ 12 ಅನ್ನುವ ಲಿನಕ್ಸ್. ಉಬುಂಟುಗೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಆದೇಶಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹಾಕಿಕೊಳ್ಳಿ.

ಮೊದಲು ವಾಪಸ್ ಬರುವ ಹಗ್ಗ ಕಟ್ಟಿಕೊಳ್ಳಿ

ಬಾವಿಗೆ ಇಳಿಯುವವನು ಮೊದಲು ಹಗ್ಗ ಕಟ್ಟಿಕೊಳ್ಳುತ್ತಾನೆ, ಅಲ್ವಾ? ಇಲ್ಲಿ ಹಗ್ಗ ಮೂರು. ಒಂದು, ಎಸ್‌ಎಸ್‌ಎಚ್ ಕಿಟಕಿ ಎರಡು ತೆರೆದಿಡಿ. ಒಂದರಲ್ಲಿ ಕೆಲಸ ಮಾಡಿ, ಇನ್ನೊಂದನ್ನು ಮುಟ್ಟಬೇಡಿ. ಫೈರ್‌ವಾಲ್ ಬದಲಾದರೂ ಆಗಲೇ ಕೂಡಿಕೊಂಡ ಸಂಪರ್ಕ ಸಾಮಾನ್ಯವಾಗಿ ಕಡಿಯುವುದಿಲ್ಲ, ಹೊಸದು ಮಾತ್ರ ಒಳಗೆ ಬರುವುದಿಲ್ಲ. ಅದಕ್ಕೇ ಬಹಳ ಜನ 'ನನಗೆ ಇನ್ನೂ ನಡೀತಾ ಇದೆ' ಅಂತ ಖುಷಿಯಾಗಿ ಲಾಗ್‌ಔಟ್ ಆಗುತ್ತಾರೆ, ಆಮೇಲೆ ಅಳುತ್ತಾರೆ. ಎರಡು, ಬಾಡಿಗೆ ಸರ್ವರ್ ಆಗಿದ್ದರೆ ಕಂಪನಿಯವರ ವೆಬ್ ಕನ್ಸೋಲ್ ಪಾಸ್‌ವರ್ಡ್ ನೆನಪಿದೆಯಾ ಅಂತ ಈಗಲೇ ಒಳಗೆ ಹೋಗಿ ನೋಡಿ. ಮೂರನೆಯದು ನನಗೆ ಜಾಸ್ತಿ ಇಷ್ಟ, ಗಡಿಯಾರದ ಹಗ್ಗ:

ಎಕೊ 'ಯುಎಫ್‌ಡಬ್ಲ್ಯು ಡಿಸೇಬಲ್' | ಸುಡೊ ಎಟಿ ನೌ + 10 ಮಿನಿಟ್ಸ್

ಯುಎಫ್‌ಡಬ್ಲ್ಯು ನಾವು ಮುಂದೆ ಬಳಸುವ ಫೈರ್‌ವಾಲ್ ಪ್ರೋಗ್ರಾಂ. ಅಂದರೆ ಹತ್ತು ನಿಮಿಷಕ್ಕೆ ಫೈರ್‌ವಾಲ್ ತಾನೇ ಆರಿಹೋಗುತ್ತದೆ. ಏನಾದರೂ ಎಡವಟ್ಟಾದರೆ ಚಹಾ ಕುಡಿದು ಬನ್ನಿ, ಬಾಗಿಲು ತೆರೆದಿರುತ್ತದೆ. ಎಲ್ಲ ಸರಿ ಇದ್ದರೆ ಸುಡೊ ಎಟಿಕ್ಯು ಕೊಟ್ಟು ಕೆಲಸದ ನಂಬರ್ ನೋಡಿ, ಸುಡೊ ಎಟಿಆರ್‌ಎಂ ಜೊತೆ ಆ ನಂಬರ್ ಕೊಟ್ಟು ರದ್ದು ಮಾಡಿ. ಎಟಿ ಅನ್ನುವ ಪ್ಯಾಕೇಜ್ ಎಲ್ಲ ಸರ್ವರ್‌ನಲ್ಲೂ ಮೊದಲೇ ಇರುವುದಿಲ್ಲ, ಹಾಕಿಕೊಳ್ಳಬೇಕು. ಆ ಶನಿವಾರ ನನ್ನ ಕೈಯಲ್ಲಿ ಇದೊಂದು ಸಾಲು ಇದ್ದಿದ್ದರೂ ಬಚಾವಾಗುತ್ತಿರಲಿಲ್ಲ ಬಿಡಿ, ಪರೀಕ್ಷೆ ಸರಿ ಬಂತು ಅಂತ ಅದನ್ನು ರದ್ದು ಮಾಡಿರುತ್ತಿದ್ದೆ, ಐಪಿ ಬದಲಾದದ್ದು ಹತ್ತು ನಿಮಿಷದ ಮೇಲೆ. ಅದರ ಮದ್ದು ಬೇರೆ, ಮುಂದೆ ಬರುತ್ತದೆ.

ಯಾರು ಕಿವಿಗೊಟ್ಟು ಕೂತಿದ್ದಾರೆ?

ಸುಡೊ ಎಸ್‌ಎಸ್ -ಟಿಯುಎಲ್‌ಪಿಎನ್

ಈ ಐದು ಅಕ್ಷರ ಬಾಯಿಪಾಠ ಮಾಡಿಕೊಳ್ಳಿ. ಟಿ ಅಂದರೆ ಟಿಸಿಪಿ, ಯು ಅಂದರೆ ಯುಡಿಪಿ (ಎರಡೂ ನೆಟ್‌ವರ್ಕ್‌ನಲ್ಲಿ ಮಾತಾಡುವ ಬಗೆಗಳು), ಎಲ್ ಅಂದರೆ ಸಂಪರ್ಕಕ್ಕೆ ಕಾದು ಕೂತವು ಮಾತ್ರ, ಪಿ ಅಂದರೆ ಯಾವ ಪ್ರೋಗ್ರಾಂ ಅಂತ ತೋರಿಸು, ಎನ್ ಅಂದರೆ ಹೆಸರು ಬೇಡ ನಂಬರ್ ಸಾಕು. ಹಳೇ ಮಂದಿ ಇದೇ ಕೆಲಸಕ್ಕೆ ನೆಟ್‌ಸ್ಟ್ಯಾಟ್ ಬಳಸುತ್ತಾರೆ. ಫ್ರೀಬಿಎಸ್‌ಡಿಯಲ್ಲಾದರೆ ಸಾಕ್‌ಸ್ಟ್ಯಾಟ್ -ಎಲ್.

ಸಂಘದ ಸರ್ವರ್‌ನಲ್ಲಿ ನನಗೆ ಕಂಡದ್ದು ಇಷ್ಟು (ಕೊನೆಯ ಅಂಕಿ ಪೋರ್ಟ್, ಅಂದರೆ ಬಾಗಿಲಿನ ನಂಬರ್): 0.0.0.0:22 ಎಸ್‌ಎಸ್‌ಎಚ್. 0.0.0.0:445 ಸಾಂಬಾ, ಅಂದರೆ ಫೈಲ್ ಹಂಚುವುದು. 0.0.0.0:3306 ಮರಿಯಾಡಿಬಿ, ಅಂದರೆ ಡೇಟಾಬೇಸ್. 0.0.0.0:111 ಆರ್‌ಪಿಸಿಬೈಂಡ್. *:21 ಎಫ್‌ಟಿಪಿ, ಅಂದರೆ ಫೈಲ್ ಕಳಿಸುವ ಹಳೇ ದಾರಿ. 127.0.0.1:25 ಮೇಲ್. 127.0.0.1:631 ಪ್ರಿಂಟರ್.

ಇದರಲ್ಲಿ ಪೋರ್ಟ್ ನಂಬರ್‌ಗಿಂತ ಅದರ ಎಡಗಡೆ ಇರುವುದನ್ನು ಮೊದಲು ನೋಡಿ. 127.0.0.1 ಅಂದರೆ ಮನೆಯೊಳಗಿನ ಮಾತು, ಹೊರಗಿನವರಿಗೆ ಕೇಳುವುದಿಲ್ಲ. 0.0.0.0 ಅಂದರೆ ಯಾವ ಕಡೆಯಿಂದ ಬಂದರೂ ಸರಿ, ಓಗೊಡುತ್ತೇನೆ ಅಂತ. ನಕ್ಷತ್ರ ಇದ್ದರೂ, ಚೌಕ ಕಂಸದೊಳಗೆ ಎರಡು ಕೋಲನ್ [::] ಇದ್ದರೂ ಅದೇ ಅರ್ಥ, ಐಪಿವಿ6 (ಹೊಸ ಬಗೆಯ ಉದ್ದ ಐಪಿ ವಿಳಾಸ) ಕಡೆಯೂ ಸೇರಿ. ಐಪಿವಿ6 ಮರೆತವರು ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ಬಿಟ್ಟವರು.

ಎಫ್‌ಟಿಪಿ ಯಾಕಿತ್ತು ಅಂತ ಕೇಳಿದೆ. ಝೆರಾಕ್ಸ್ ಮಷೀನ್ ಸ್ಕ್ಯಾನ್ ಮಾಡಿದ ಕಾಗದ ಸರ್ವರ್‌ಗೆ ಬಂದು ಬೀಳಲಿ ಅಂತ ಯಾರೋ ಹಾಕಿದ್ದರಂತೆ. ಆ ಮಷೀನ್ ಗುಜರಿಗೆ ಹೋಗಿ ಮೂರು ವರ್ಷ ಆಗಿತ್ತು. ಮರಿಯಾಡಿಬಿ ಡೆಬಿಯನ್‌ನಲ್ಲಿ ಮೊದಲಿಗೆ 127.0.0.1ಕ್ಕೆ ಮಾತ್ರ ಕಟ್ಟಿಕೊಂಡಿರುತ್ತದೆ. ಇಲ್ಲಿ ಅದನ್ನು ಯಾರೋ ಕೈಯಾರೆ 0.0.0.0 ಮಾಡಿದ್ದರು. ಯಾಕೆ ಅಂತ ಸೋಮವಾರದವರೆಗೂ ನನಗೆ ಗೊತ್ತಾಗಲಿಲ್ಲ.

ಬೇಡದ್ದನ್ನು ನಿಲ್ಲಿಸಿ

ನಮ್ಮಲ್ಲಿ ಜನ ಸೀದಾ ಫೈರ್‌ವಾಲ್‌ಗೆ ಹಾರುತ್ತಾರೆ. ನನ್ನ ಪ್ರಕಾರ ಅದು ತಿರುಗಾಮುರುಗಾ. ಬೇಡದ ಬಾಗಿಲಿಗೆ ಕಾವಲುಗಾರ ಯಾಕೆ, ಇಟ್ಟಿಗೆ ಇಟ್ಟು ಮುಚ್ಚಿಬಿಡಿ. ನಡೆಯದೇ ಇರುವ ಸರ್ವೀಸ್‌ನಲ್ಲಿ ತೂತಿದ್ದರೂ ಅದರೊಳಗಿಂದ ಯಾರೂ ಬರಲಾರರು. ಅದಕ್ಕೆ ಅಪ್‌ಡೇಟ್ ಚಿಂತೆಯೂ ಇಲ್ಲ.

ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ವಿಎಸ್‌ಎಫ್‌ಟಿಪಿಡಿ

ವಿಎಸ್‌ಎಫ್‌ಟಿಪಿಡಿ ಅಂದರೆ ಎಫ್‌ಟಿಪಿ ನಡೆಸುವ ಪ್ರೋಗ್ರಾಂ. --ನೌ ಹಾಕಿದರೆ ಈಗಲೂ ನಿಲ್ಲುತ್ತದೆ, ಮುಂದಿನ ಸಲ ಸರ್ವರ್ ಎದ್ದಾಗಲೂ ಏಳುವುದಿಲ್ಲ. ಬರೀ ಸ್ಟಾಪ್ ಕೊಟ್ಟು ಬಿಟ್ಟರೆ ಕರೆಂಟ್ ಹೋಗಿ ಬಂದ ದಿನ ಮತ್ತೆ ಎದ್ದು ಕೂರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಬಗ್ಗೆ ಹೇಳಬೇಕಾಗಿಲ್ಲ.

ಆರ್‌ಪಿಸಿಬೈಂಡ್ ಸ್ವಲ್ಪ ಕಿಲಾಡಿ. ಸರ್ವೀಸ್ ನಿಲ್ಲಿಸಿದರೂ ಪೋರ್ಟ್ 111 ತೆರೆದೇ ಇರುತ್ತದೆ, ಯಾಕಂದರೆ ಅದರ ಪರವಾಗಿ ಸಿಸ್ಟಮ್‌ಡಿ (ಎಲ್ಲ ಸರ್ವೀಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಪ್ರೋಗ್ರಾಂ) ತಾನೇ ಸಾಕೆಟ್ ಹಿಡಿದು ಕೂತಿರುತ್ತದೆ. ಯಾರಾದರೂ ತಟ್ಟಿದರೆ ಸರ್ವೀಸ್‌ಅನ್ನು ಎಬ್ಬಿಸುತ್ತದೆ. ಹಾಗಾಗಿ ಆರ್‌ಪಿಸಿಬೈಂಡ್.ಸರ್ವೀಸ್, ಆರ್‌ಪಿಸಿಬೈಂಡ್.ಸಾಕೆಟ್ ಎರಡನ್ನೂ ಒಟ್ಟಿಗೆ ಡಿಸೇಬಲ್ ಮಾಡಬೇಕು. ಯಾವುದೂ ಯಾವತ್ತೂ ಎಬ್ಬಿಸಬಾರದು ಅಂದರೆ ಮಾಸ್ಕ್ ಕೊಡಿ. ಆರ್‌ಪಿಸಿಬೈಂಡ್ ಎನ್‌ಎಫ್‌ಎಸ್‌ನ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಇನ್ನೊಂದು ವ್ಯವಸ್ಥೆ) ಹಳೇ ಆವೃತ್ತಿಗಳಿಗೆ ಬೇಕಾದ್ದು, ನಾಲ್ಕನೇ ಆವೃತ್ತಿಗೆ ಬೇಕಿಲ್ಲ. ಸಂಘದಲ್ಲಿ ಎನ್‌ಎಫ್‌ಎಸ್ ಅಂದರೆ ಏನು ಅಂತಲೇ ಯಾರಿಗೂ ಗೊತ್ತಿರಲಿಲ್ಲ, ತೆಗೆದೆ.

ಬೇಕಾದ್ದನ್ನು ಸರಿಯಾದ ವಿಳಾಸಕ್ಕೆ ಕಟ್ಟಿ

ಉಳಿದದ್ದು ಎಸ್‌ಎಸ್‌ಎಚ್, ಸಾಂಬಾ, ಮರಿಯಾಡಿಬಿ. ಡೇಟಾಬೇಸ್ ಬಳಸುವ ಸಾಫ್ಟ್‌ವೇರ್ ಅದೇ ಸರ್ವರ್‌ನಲ್ಲಿ ಇದ್ದರೆ 127.0.0.1 ಸಾಕು. /ಇಟಿಸಿ/ಮೈಎಸ್‌ಕ್ಯುಎಲ್/ಮರಿಯಾಡಿಬಿ.ಕಾನ್ಫ್.ಡಿ ಫೋಲ್ಡರಿನ 50-ಸರ್ವರ್.ಸಿಎನ್‌ಎಫ್ ಫೈಲ್‌ನಲ್ಲಿ ಬೈಂಡ್-ಅಡ್ರೆಸ್ ಅನ್ನುವ ಸಾಲು ಇದೆ, ಅದನ್ನೇ ಬದಲಾಯಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಕೆಲಸಕ್ಕೆ ಲಿಸನ್_ಅಡ್ರೆಸಸ್.

ನಮ್ಮಲ್ಲಿ ಅಕೌಂಟೆಂಟ್ ಮೇಡಂ ಅವರ ಪಿಸಿ ಡೇಟಾಬೇಸ್‌ಗೆ ನೇರ ಹತ್ತಬೇಕಿತ್ತು. ಅದಕ್ಕೆ 127.0.0.1 ಬದಲು ಸರ್ವರ್‌ನ ಆಫೀಸ್ ವಿಳಾಸ 192.168.10.5ಕ್ಕೆ ಕಟ್ಟಿದೆ. ಇದರಲ್ಲಿ ಒಂದು ಮುಳ್ಳು ಇದೆ. ಸರ್ವರ್ ಏಳುವಾಗ ಆ ವಿಳಾಸ ಇನ್ನೂ ಬಂದಿರದಿದ್ದರೆ ಡೇಟಾಬೇಸ್ ಏಳದೆ ಬಿದ್ದುಹೋಗುತ್ತದೆ. ಸರ್ವರ್‌ಗೆ ರೂಟರ್‌ನಿಂದ ಬರುವ ಐಪಿ ಬೇಡ, ಕೈಯಾರೆ ಕೊಟ್ಟ ಸ್ಥಿರ ಐಪಿ ಇರಲಿ.

ಡೇಟಾಬೇಸ್ ಒಳಗೂ ಒಂದು ಬೀಗ ಇದೆ. ಮರಿಯಾಡಿಬಿಯಲ್ಲಿ ಬಳಕೆದಾರ ಅಂದರೆ ಬರೀ ಹೆಸರಲ್ಲ, ಹೆಸರು ಮತ್ತು ಎಲ್ಲಿಂದ ಬರುತ್ತಾನೆ ಎರಡೂ ಸೇರಿ. ಎಲ್ಲಿಂದ ಅನ್ನುವ ಜಾಗದಲ್ಲಿ ಸೋಮಾರಿಗಳು ಶೇಕಡಾ ಚಿಹ್ನೆ ಹಾಕುತ್ತಾರೆ, ಅಂದರೆ ಜಗತ್ತಿನ ಯಾವ ಮೂಲೆಯಿಂದ ಬಂದರೂ ನಡೆಯುತ್ತದೆ. ಅಲ್ಲಿ ಮೇಡಂ ಪಿಸಿಯ ವಿಳಾಸ 192.168.10.21 ಹಾಕಿ. ಸಾಂಬಾದಲ್ಲಿ ಹೋಸ್ಟ್ಸ್ ಅಲೌ ಅನ್ನುವ ಸಾಲು ಇದೇ ಕೆಲಸ ಮಾಡುತ್ತದೆ.

ಈಗ ಫೈರ್‌ವಾಲ್

ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಪ್ಯಾಕೆಟ್, ಅಂದರೆ ನೆಟ್‌ವರ್ಕ್‌ನಲ್ಲಿ ಬರುವ ಡೇಟಾ ತುಣುಕು ಸೋಸುವ ಜರಡಿ ಇದೆ. ಅದನ್ನು ನಡೆಸುವುದಕ್ಕೆ 2001ರ 2.4 ಕರ್ನಲ್ ಕಾಲದಿಂದ ಐಪಿಟೇಬಲ್ಸ್, 2014ರ 3.13 ಕರ್ನಲ್‌ನಿಂದ ಎನ್‌ಎಫ್‌ಟೇಬಲ್ಸ್. ಯುಎಫ್‌ಡಬ್ಲ್ಯು ಇವುಗಳ ಮೇಲೆ ಹೊದಿಸಿದ ಸುಲಭದ ಮುಸುಕು. ರೆಡ್ ಹ್ಯಾಟ್ ಮನೆತನದವರಾದರೆ ಫೈರ್‌ವಾಲ್‌ಡಿ. ಸಣ್ಣ ಆಫೀಸಿಗೆ ಮುಸುಕೇ ಸಾಕು.

ಕ್ರಮ ತಪ್ಪಬೇಡಿ. ಮೊದಲು ನಿಮಗೆ ದಾರಿ, ಆಮೇಲೆ ಬಂದ್:

ಸುಡೊ ಯುಎಫ್‌ಡಬ್ಲ್ಯು ಅಲೌ ಫ್ರಮ್ 192.168.10.0/24 ಟು ಎನಿ ಪೋರ್ಟ್ 22 ಪ್ರೊಟೊ ಟಿಸಿಪಿ
ಸುಡೊ ಯುಎಫ್‌ಡಬ್ಲ್ಯು ಅಲೌ ಫ್ರಮ್ 192.168.10.21 ಟು ಎನಿ ಪೋರ್ಟ್ 3306 ಪ್ರೊಟೊ ಟಿಸಿಪಿ
ಸುಡೊ ಯುಎಫ್‌ಡಬ್ಲ್ಯು ಡಿಫಾಲ್ಟ್ ಡಿನೈ ಇನ್‌ಕಮಿಂಗ್
ಸುಡೊ ಯುಎಫ್‌ಡಬ್ಲ್ಯು ಎನೇಬಲ್

/24 ಅಂದರೆ 192.168.10 ರಿಂದ ಶುರುವಾಗುವ 256 ವಿಳಾಸ. ಕೆಲವರು ಯಾಕೆ ತಲೆನೋವು ಅಂತ 192.168.0.0/16 ಹಾಕುತ್ತಾರೆ, ಅದು 65,536 ವಿಳಾಸ. ಆದರೆ /24 ಕೂಡ ಸಂಘದಲ್ಲಿ ಜಾಸ್ತಿಯೇ ಆಯಿತು. ಹೇಗೆ ಅಂದರೆ, ಕೌಂಟರ್ ಮುಂದೆ ಗ್ರಾಹಕರು ಕೂರುವ ಬೆಂಚಿನ ಮೇಲಿನ ಗೋಡೆಗೆ ವೈಫೈ ಪಾಸ್‌ವರ್ಡ್ ಅಂಟಿಸಿದ್ದರು. ದಪ್ಪ ಮಾರ್ಕರ್‌ನಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪ್ ಹಚ್ಚಿ, ಬಹಳ ಚಂದ. ಸಾಲದ ಕಂತು ಕಟ್ಟಲು ಬಂದವರ ಫೋನು, ಕ್ಯಾಷಿಯರ್ ಪಿಸಿ, ಸರ್ವರ್ ಮೂರೂ ಒಂದೇ ನೆಟ್‌ವರ್ಕ್. ಅಂದಮೇಲೆ ನಾನು ಬರೆದ 'ಆಫೀಸಿನವರಿಗೆ ಮಾತ್ರ' ಅನ್ನುವ ನಿಯಮದಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ಆಫೀಸಿನವರೇ! ರೂಟರ್‌ನಲ್ಲಿ ಗೆಸ್ಟ್ ವೈಫೈ ಬೇರೆ ಮಾಡಿ, ಆರು ಪಿಸಿಗಳಿಗೆ ವಿಳಾಸ ಕಾಯ್ದಿರಿಸಿ, ಪೋರ್ಟ್ 22ಕ್ಕೆ ಕೊಟ್ಟಿದ್ದ /24 ಸಾಲು ತೆಗೆದು ಎರಡೇ ಪಿಸಿಗೆ ಬಿಟ್ಟೆ. ಪೋರ್ಟ್ 445 ಆರೂ ಪಿಸಿಗೆ.

ನಿಯಮಗಳ ಸಾಲಿನ ಬಗ್ಗೆ ಒಂದು ಮಾತು. ಯುಎಫ್‌ಡಬ್ಲ್ಯು ಮೇಲಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದೇ ಕೊನೆ ಮಾತು. ಎಲ್ಲರಿಗೂ ಬಿಡು ಅಂತ ಮೇಲೆ ಬರೆದು, ಇವನೊಬ್ಬನಿಗೆ ಬೇಡ ಅಂತ ಕೆಳಗೆ ಬರೆದರೆ ಅವನೂ ಒಳಗೆ ಬರುತ್ತಾನೆ. ಮೇಲೆ ಸೇರಿಸಲು ಇನ್ಸರ್ಟ್ 1 ಬಳಸಿ. ಓಪನ್‌ಬಿಎಸ್‌ಡಿಯ ಪಿಎಫ್ ಇದಕ್ಕೆ ಉಲ್ಟಾ: ಅಲ್ಲಿ ಕೊನೆಗೆ ಹೊಂದಿದ ನಿಯಮ ಗೆಲ್ಲುತ್ತದೆ, ಕ್ವಿಕ್ ಅಂತ ಬರೆದಿದ್ದರೆ ಮಾತ್ರ ಅಲ್ಲೇ ನಿಲ್ಲುತ್ತದೆ. ಎರಡೂ ಕಡೆ ಕೆಲಸ ಮಾಡುವವರು ಇದರಲ್ಲಿ ಒಮ್ಮೆಯಾದರೂ ಮುಗ್ಗರಿಸುತ್ತಾರೆ.

ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಯಲ್ಲಿ ನಡೆಸುವ ವ್ಯವಸ್ಥೆ) ಇಟ್ಟುಕೊಂಡವರಿಗೆ: ಕಂಟೇನರ್‌ನ ಪೋರ್ಟ್ ಹೊರಗೆ ಬಿಟ್ಟರೆ ಡಾಕರ್ ತನ್ನದೇ ನಿಯಮ ಬರೆದುಕೊಳ್ಳುತ್ತದೆ, ಆ ದಾರಿ ಯುಎಫ್‌ಡಬ್ಲ್ಯು ಕಾಯುವ ಬಾಗಿಲ ಹತ್ತಿರ ಬರುವುದೇ ಇಲ್ಲ. ಯುಎಫ್‌ಡಬ್ಲ್ಯು ಸ್ಟೇಟಸ್ ನೋಡಿದರೆ ಎಲ್ಲ ಬಂದ್ ಅಂತ ಕಾಣುತ್ತದೆ, ಹೊರಗಿನಿಂದ ನೋಡಿದರೆ ತೆರೆದಿರುತ್ತದೆ. ಪೋರ್ಟ್ ಕೊಡುವಾಗಲೇ 8080:80 ಅನ್ನುವ ಬದಲು 127.0.0.1:8080:80 ಅಂತ ಬರೆಯಿರಿ.

ಎಸ್‌ಎಸ್‌ಎಚ್‌ಗೆ ಬೇರೆಯೇ ಮರ್ಯಾದೆ

ಇದು ಸರ್ವರ್‌ನ ಹೆಬ್ಬಾಗಿಲು. ಮೊದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಫೈಲ್) ಮಾಡಿ, ಎಸ್‌ಎಸ್‌ಎಚ್-ಕಾಪಿ-ಐಡಿ ಕೊಟ್ಟು ಸರ್ವರ್‌ಗೆ ಸೇರಿಸಿ, ಪಾಸ್‌ವರ್ಡ್ ಕೇಳದೆ ಒಳಗೆ ಹೋಗುತ್ತೀರಾ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರ್‌ನಲ್ಲಿ 10-ಬಿಗಿ.ಕಾನ್ಫ್ ಅಂತ ಹೊಸ ಫೈಲ್ ಮಾಡಿ ಹೀಗೆ ಬರೆಯಿರಿ:

ಪರ್ಮಿಟ್‌ರೂಟ್‌ಲಾಗಿನ್ ನೋ
ಪಾಸ್‌ವರ್ಡ್‌ಆಥೆಂಟಿಕೇಶನ್ ನೋ
ಕೆಬಿಡಿಇಂಟರಾಕ್ಟಿವ್‌ಆಥೆಂಟಿಕೇಶನ್ ನೋ
ಅಲೌಗ್ರೂಪ್ಸ್ ಎಸ್‌ಎಸ್‌ಎಚ್‌ಮಂದಿ

ಕೊನೆಯ ಸಾಲು ಹಾಕುವ ಮೊದಲು ಆ ಗುಂಪು ಮಾಡಿ, ನಿಮ್ಮನ್ನು ಅದಕ್ಕೆ ಸೇರಿಸಿಕೊಳ್ಳಿ. ಮರೆತರೆ ಮತ್ತೆ ಬಸ್ ಸ್ಟ್ಯಾಂಡ್.

ಫೈಲ್ ಹೆಸರಿನ ಮುಂದೆ 10 ಯಾಕೆ? ಈ ಸೆಟ್ಟಿಂಗ್‌ನಲ್ಲೂ ಮೊದಲು ಓದಿದ್ದೇ ಗೆಲ್ಲುತ್ತದೆ. ಬಾಡಿಗೆ ಸರ್ವರ್‌ಗಳಲ್ಲಿ ಎಷ್ಟೋ ಸಲ 50-ಕ್ಲೌಡ್-ಇನಿಟ್.ಕಾನ್ಫ್ ಅನ್ನುವ ಫೈಲ್ ಅಲ್ಲೇ ಕೂತು ಪಾಸ್‌ವರ್ಡ್ ನಡೆಯಲಿ ಅಂತ ಹೇಳಿರುತ್ತದೆ. ನಿಮ್ಮದು 99 ಆಗಿದ್ದರೆ ಅದರ ಮಾತೇ ನಡೆಯುತ್ತದೆ. ಬರೆದ ಮೇಲೆ ಸುಡೊ ಎಸ್‌ಎಸ್‌ಎಚ್‌ಡಿ -ಟಿ ಸಣ್ಣ ಅಕ್ಷರದಲ್ಲಿ ಕೊಟ್ಟರೆ ತಪ್ಪಿದ್ದರೆ ಹೇಳುತ್ತದೆ. ದೊಡ್ಡ ಅಕ್ಷರದ ಟಿ ಕೊಟ್ಟರೆ ಕೊನೆಗೆ ಯಾವ ಸೆಟ್ಟಿಂಗ್ ನಿಂತಿದೆ ಅಂತ ಪೂರ್ತಿ ಪಟ್ಟಿ ಬರುತ್ತದೆ. ಎರಡೂ ನೋಡಿ, ಆಮೇಲೆ ರೀಲೋಡ್.

ಪೋರ್ಟ್ 22 ಬದಲಾಯಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬದಲಾಯಿಸಿದರೆ ಲಾಗ್‌ನಲ್ಲಿ ಗದ್ದಲ ಕಡಿಮೆ ಆಗುತ್ತದೆ, ಭದ್ರತೆ ಏನೂ ಜಾಸ್ತಿ ಆಗುವುದಿಲ್ಲ. ತಪ್ಪು ಪಾಸ್‌ವರ್ಡ್ ಕೊಡುತ್ತಲೇ ಇರುವ ಐಪಿಗಳನ್ನು ತಡೆಯುವ ಫೇಲ್2ಬ್ಯಾನ್ ಹಾಕುವುದಾದರೆ ಡೆಬಿಯನ್ 12ರಲ್ಲಿ ಒಂದು ತಕರಾರಿದೆ: ಅದು ಹುಡುಕುವ ಆಥ್.ಲಾಗ್ ಫೈಲ್ ಹೊಸದಾಗಿ ಹಾಕಿದ ಸರ್ವರ್‌ನಲ್ಲಿ ಇರುವುದಿಲ್ಲ, ಹಾಗಾಗಿ ಶುರುವೇ ಆಗುವುದಿಲ್ಲ. ಬ್ಯಾಕೆಂಡ್ = ಸಿಸ್ಟಮ್‌ಡಿ ಅಂತ ಬರೆದರೆ ಸರಿ ಹೋಗುತ್ತದೆ.

ಹೋಸ್ಟ್ಸ್.ಅಲೌ ಬಗ್ಗೆ ಸ್ವಲ್ಪ

ಹಳೇ ಪುಸ್ತಕ ಓದಿದವರು /ಇಟಿಸಿ/ಹೋಸ್ಟ್ಸ್.ಅಲೌ, ಹೋಸ್ಟ್ಸ್.ಡಿನೈ ಅಂತ ಶುರು ಮಾಡುತ್ತಾರೆ. ಇದು ಟಿಸಿಪಿ ರ‍್ಯಾಪರ್ಸ್, ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವೀಟ್ಸೆ ವೆನೆಮಾ 1990ರಲ್ಲಿ ಬರೆದದ್ದು. ಮೊದಲು ಅಲೌ ಫೈಲ್ ನೋಡುತ್ತದೆ, ಆಮೇಲೆ ಡಿನೈ, ಎರಡರಲ್ಲೂ ಹೆಸರಿಲ್ಲದಿದ್ದರೆ ಒಳಗೆ ಬಿಡುತ್ತದೆ. ಅದಕ್ಕೇ ಡಿನೈ ಫೈಲ್‌ನಲ್ಲಿ ಆಲ್ : ಆಲ್ ಅಂತ ಬರೆದು, ಅಲೌನಲ್ಲಿ ಎಸ್‌ಎಸ್‌ಎಚ್‌ಡಿ : 192.168.10. ಅಂತ ಕೊನೆಗೆ ಚುಕ್ಕೆ ಇಟ್ಟು ಬರೆಯುವುದು ರೂಢಿ. ಆ ಚುಕ್ಕೆ ಮರೆತರೆ ನಿಯಮ ಹೊಂದುವುದಿಲ್ಲ.

ತೊಂದರೆ ಏನು ಅಂದರೆ, ಈ ಫೈಲ್‌ಗಳನ್ನು ಓದುವವರು ಕಡಿಮೆಯಾಗಿದ್ದಾರೆ. ಓಪನ್‌ಎಸ್‌ಎಸ್‌ಎಚ್ 2014ರಲ್ಲಿ, 6.7ನೇ ಆವೃತ್ತಿಯಲ್ಲಿ ಇದನ್ನು ಕೈಬಿಟ್ಟಿತು. ಡೆಬಿಯನ್‌ನವರು ತಮ್ಮದೇ ತೇಪೆ ಹಾಕಿ ಉಳಿಸಿಕೊಂಡರು, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಪೂರ್ತಿ ಹೋಯಿತು. ಅಂಥ ಸರ್ವರ್‌ನಲ್ಲಿ ನೀವು ಎಷ್ಟೇ ಚಂದ ಬರೆದಿಟ್ಟರೂ ಅದು ಗೋಡೆ ಮೇಲಿನ ಬರಹ ಅಷ್ಟೇ, ಬೈಯುವುದೂ ಇಲ್ಲ, ಕಾಯುವುದೂ ಇಲ್ಲ. ಎಲ್‌ಡಿಡಿ ಕೊಟ್ಟು ಪ್ರೋಗ್ರಾಂ ಲಿಬ್‌ರ‍್ಯಾಪ್ (ಈ ಫೈಲ್‌ಗಳನ್ನು ಓದುವ ಲೈಬ್ರರಿ) ಜೊತೆ ಕೂಡಿದೆಯಾ ನೋಡಬಹುದು. ನಾನು ಹೊಸ ಸರ್ವರ್‌ಗಳಲ್ಲಿ ಇದನ್ನು ಮುಟ್ಟುವುದಿಲ್ಲ. ಒಂದೊಂದು ಸರ್ವೀಸ್‌ಗೆ ಬೇರೆ ಬೇರೆ ಕಟ್ಟು ಬೇಕಾದರೆ ಸಿಸ್ಟಮ್‌ಡಿಯಲ್ಲೇ ಐಪಿಅಡ್ರೆಸ್‌ಡಿನೈ=ಎನಿ, ಐಪಿಅಡ್ರೆಸ್‌ಅಲೌ=ಇಂಥ ವಿಳಾಸ ಅಂತ ಎರಡು ಸಾಲು ಬರೆದರೆ ಸಾಕು (ಇಲ್ಲಿ ದೊಡ್ಡ-ಸಣ್ಣ ಅಕ್ಷರ ಹೀಗೇ ಇರಬೇಕು: IPAddressDeny, IPAddressAllow), 2017ರ 235ನೇ ಆವೃತ್ತಿಯಿಂದ ಇದೆ. ಆದರೆ ಅದು ಸರ್ವೀಸ್ ಹೊರಗೆ ಮಾತಾಡುವುದನ್ನೂ ತಡೆಯುತ್ತದೆ, ನೆನಪಿರಲಿ.

ಹೊರಗಿನಿಂದ ಬರುವವರಿಗೆ

ನನ್ನ ಶನಿವಾರದ ತಪ್ಪಿನ ಮದ್ದು ಇಲ್ಲಿದೆ. ಮನೆಯ ಐಪಿ ನಂಬಿ ನಿಯಮ ಬರೆಯಬೇಡಿ. ಅದು ಬದಲಾಗುತ್ತದೆ, ಇಲ್ಲವೇ ನಿಮ್ಮೊಬ್ಬರದೇ ಆಗಿರುವುದಿಲ್ಲ. ರೂಟರ್‌ನ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ, ಒಂದೇ ಸಾರ್ವಜನಿಕ ಐಪಿಯನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ ಅಂತ ಅರ್ಥ. ಅದನ್ನು ಬಿಟ್ಟರೆ ಅವರನ್ನೆಲ್ಲ ಬಿಟ್ಟಂತೆ. ಬೆಳಗಾವಿಯ ಗೆಳೆಯನೊಬ್ಬ 'ನಂದು ಸ್ಥಿರ ಐಪಿ, ನನಗೇನು' ಅಂತಾನೆ. ಅವನಿಗೆ ಅದು ಸರಿ. ಆದರೆ ಅವನು ಊರಿಗೆ ಹೋದಾಗ?

ವೈರ್‌ಗಾರ್ಡ್ ಹಾಕಿ, ಅಂದರೆ ಇಂಟರ್ನೆಟ್ ಮೇಲೆ ನಿಮಗೂ ಸರ್ವರ್‌ಗೂ ನಡುವೆ ಗುಪ್ತ ಸುರಂಗ (ವಿಪಿಎನ್). 2020ರ 5.6 ಕರ್ನಲ್‌ನಿಂದ ಲಿನಕ್ಸ್ ಒಳಗೇ ಇದೆ. ಯುಡಿಪಿ 51820 ಒಂದನ್ನು ಮಾತ್ರ ಹೊರಗೆ ಬಿಡಬೇಕು. ಸರಿಯಾದ ಕೀ ಇಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಮನೆಯಲ್ಲಿ ಯಾರೂ ಇಲ್ಲ ಅನ್ನುವ ಹಾಗೆ ಸುಮ್ನೆ ಇರುತ್ತದೆ. ನಿಮ್ಮ ಐಪಿ ಎಷ್ಟು ಸಲ ಬದಲಾದರೂ ಅದು ಗುರುತಿಸುವುದು ಕೀಯನ್ನು. ಆಮೇಲೆ:

ಸುಡೊ ಯುಎಫ್‌ಡಬ್ಲ್ಯು ಅಲೌ 51820/ಯುಡಿಪಿ
ಸುಡೊ ಯುಎಫ್‌ಡಬ್ಲ್ಯು ಅಲೌ ಇನ್ ಆನ್ ಡಬ್ಲ್ಯುಜಿ0 ಟು ಎನಿ ಪೋರ್ಟ್ 22 ಪ್ರೊಟೊ ಟಿಸಿಪಿ

ಹೊರಗಿನವರಿಗೆ ಎಸ್‌ಎಸ್‌ಎಚ್ ಹೀಗೆ ಸುರಂಗದೊಳಗಿನಿಂದ ಮಾತ್ರ. ಸರ್ವರ್ ಇರುವ ಕಡೆ ಹೊರಗಿನಿಂದ ಮುಟ್ಟಬಹುದಾದ ಐಪಿ ಇರಬೇಕು, ಅದೊಂದು ಷರತ್ತು. ಸಂಘಕ್ಕೆ ಇತ್ತು.

ಹೊರಗೆ ನಿಂತು ತಟ್ಟಿ ನೋಡಿ

ಸರ್ವರ್ ಒಳಗೆ ಕೂತು ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಹಚ್ಚಿ, ಎನ್‌ಮ್ಯಾಪ್ -ಪಿಎನ್ -ಪಿ- ಜೊತೆ ಸರ್ವರ್‌ನ ವಿಳಾಸ ಕೊಟ್ಟು (ಪಿಎನ್‌ನ ಪಿ ಮಾತ್ರ ದೊಡ್ಡ ಅಕ್ಷರ) 65,535 ಪೋರ್ಟ್‌ಗಳನ್ನೂ ತಟ್ಟಿ. ಕ್ಲೋಸ್ಡ್ ಅಂದರೆ ಅಲ್ಲಿ ಯಾರೂ ಇಲ್ಲ, ಫಿಲ್ಟರ್ಡ್ ಅಂದರೆ ಫೈರ್‌ವಾಲ್ ನುಂಗಿಹಾಕಿತು. ಐಪಿವಿ6 ಇದ್ದರೆ -6 ಹಾಕಿ ಇನ್ನೊಮ್ಮೆ. ನಿಮ್ಮದಲ್ಲದ ಸರ್ವರ್ ಮೇಲೆ ಇದನ್ನು ಮಾಡಬೇಡಿ. ಆಮೇಲೆ ಸರ್ವರ್‌ಗೆ ಒಮ್ಮೆ ರೀಬೂಟ್ ಕೊಟ್ಟು ಮತ್ತೆ ಎಸ್‌ಎಸ್ -ಟಿಯುಎಲ್‌ಪಿಎನ್ ನೋಡಿ. ಲಾಗ್‌ಗಳನ್ನು ಬೇಗ ಅಳಿಸಬೇಡಿ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಕೊಟ್ಟ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇಡಬೇಕು, ದಾಳಿಯಂಥದ್ದು ಕಂಡರೆ 6 ತಾಸಿನೊಳಗೆ ತಿಳಿಸಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ಉಳಿದಿರುತ್ತದೆ, ಅದನ್ನು ಯಾವ ಆದೇಶವೂ ತೋರಿಸುವುದಿಲ್ಲ. ಸೋಮವಾರ ಹತ್ತೂವರೆಗೆ ಇಳಕಲ್ ಶಾಖೆಯ ಗುಮಾಸ್ತರು ಫೋನ್ ಮಾಡಿದರು. "ಸರ್, ಎಕ್ಸೆಲ್‌ನ್ಯಾಗ ರಿಪೋರ್ಟ್ ಬರವಲ್ದು ನೋಡ್ರಿ. ಶನಿವಾರ ಮಟಾ ಚಲೋ ಬರ್ತಿತ್ತು." ಅವರ ಎಕ್ಸೆಲ್ ಇಂಟರ್ನೆಟ್ ಮೇಲಿಂದ ಸೀದಾ 3306ಕ್ಕೆ ಬರುತ್ತಿತ್ತು. ಅದಕ್ಕಾಗಿಯೇ ಯಾರೋ ಡೇಟಾಬೇಸ್‌ಅನ್ನು 0.0.0.0 ಮಾಡಿ, ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಸರ್ವರ್‌ಗೆ ದಾಟಿಸುವ ನಿಯಮ) ಹಾಕಿ, ಯಾರಿಗೂ ಹೇಳದೆ ಹೋಗಿದ್ದರು. ಸಂಘದ ಎಲ್ಲ ಖಾತೆಗಳೂ ಇದ್ದ ಡೇಟಾಬೇಸ್ ಎಷ್ಟು ದಿನ ಬೀದಿಗೆ ತೆರೆದಿತ್ತೋ.

ರೂಟರ್‌ನ ಪುಟ ತೆರೆದು 22, 3306 ಎರಡೂ ಫಾರ್ವರ್ಡ್ ತೆಗೆದೆ, 51820 ಒಂದನ್ನು ಉಳಿಸಿದೆ. ಗುಮಾಸ್ತರ ಪಿಸಿಗೆ ವೈರ್‌ಗಾರ್ಡ್ ಹಾಕಿ, ಅವರ ಸುರಂಗದ ವಿಳಾಸಕ್ಕೆ ಮಾತ್ರ 3306 ಬಿಟ್ಟು, ಡೇಟಾಬೇಸ್ ಒಳಗೆ ಓದುವ ಹಕ್ಕು ಮಾತ್ರ ಇರುವ ಬೇರೆ ಬಳಕೆದಾರನನ್ನು ಮಾಡಿಕೊಟ್ಟೆ. ಯಾವುದನ್ನು ಯಾವ ದಿನ ಮುಚ್ಚಿದೆ, ಯಾರಿಗಾಗಿ ಯಾವುದನ್ನು ತೆರೆದೆ ಅಂತ ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದು ಸರ್ವರ್ ಮೇಲೇ ಇಟ್ಟು ಬಂದಿದ್ದೇನೆ. ಎಫ್‌ಟಿಪಿ ಎಲ್ಲಿ ಹೋಯಿತು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.